ಹೆಗ್ಗುಂಬಳವೂ ಜಿಪ್ಸಮ್ಮೂ

ಕರಿಹಲಗೆಯ ಮೇಲೆ ನಾವು ಬರೆಯುವ ಕಡ್ಡಿಗೆ ಸೀಮೆಸುಣ್ಣವೆಂದು ಹೆಸರು. ಹೆಸರಿನಲ್ಲಿ ಸುಣ್ಣವಿದ್ದರೂ ನಮ್ಮ ದೇಶದಲ್ಲಿ ತಯಾರಾಗುವ ಕಡ್ಡಿಗಳಲ್ಲಿ ಬಹಳಷ್ಟು ಸುಣ್ಣಕಲ್ಲಿನಿಂದ ಆದವುಗಳಲ್ಲ. ಜಿಪ್ಸಂ ಎಂಬ ಖನಿಜದಿಂದ ಆದವು. ಜಿಪ್ಸಂ ಕಲ್ಲನ್ನು ಪುಡಿಮಾಡಿ ಸುಮಾರು ೧೫೦ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹುರಿದರೆ ಅದರೊಳಗೆ ಅಡಗಿರುವ ನೀರಿನಲ್ಲಿ ಮುಕ್ಕಾಲು ಪಾಲು ಆವಿಯಾಗಿ ಹೋಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ದೊರೆಯುತ್ತದೆ. ಅದನ್ನು ಮತ್ತೆ ನೀರಿನಲ್ಲಿ ಕಲಸಿ ಅಚ್ಚಿಗೆ ಸುರಿದರೆ ಗಟ್ಟಿಯಾಗಿ ಕಡ್ಡಿಯಾಗುತ್ತದೆ. ಮುರಿದ ಕೈಗೆ ವೈದ್ಯರು ಹಾಕುವ ಬಿಳಿಯ ಕಟ್ಟೂ ಇದೇ ವಸ್ತು. ಚೌತಿಯ ದಿನಗಳಲ್ಲಿ ಮುಂಬಯಿಯ ಬೀದಿಬೀದಿಗಳಲ್ಲಿ ಕಾಣುವ ದೊಡ್ಡ ಗಣೇಶಮೂರ್ತಿಗಳಲ್ಲಿ ಅನೇಕವು ಇದರಿಂದಲೇ ಆದವು. ಆಯುರ್ವೇದದಲ್ಲಿ ಇದನ್ನು ಗೋದಂತಿಯೆಂದು ಕರೆಯುತ್ತಾರೆ. ಹುರಿಯದೆ, ಕೇವಲ ಪುಡಿಮಾಡಿ, ಇದನ್ನು ಹೊಲಕ್ಕೂ ತೋಟಕ್ಕೂ ಹಾಕುವುದುಂಟು. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಆ ಉಪಯೋಗವನ್ನು ಕುರಿತು.

ಅದಕ್ಕೆ ಒಂದು ಕಾರಣವಿದೆ. ಕಳೆದ ವರ್ಷ ನಮ್ಮ ಶಾಲೆಯ ಭಿತ್ತಿಪತ್ರಿಕೆಯಲ್ಲಿ ವಿದ್ಯಾರ್ಥಿಗಳು ಒಂದು ಚಿತ್ರವನ್ನು ಅಂಟಿಸಿದ್ದರು. ಮನುಷ್ಯನ ಎದೆಯೆತ್ತರಕ್ಕೆ ಬಂದಿದ್ದ ಒಂದು ಕುಂಬಳಕಾಯಿ. ಪಕ್ಕದಲ್ಲಿ ನಗುತ್ತ ನಿಂತ ಅದರ ಯಜಮಾನ. ಇಂಥ ಕಾಯಿಗಳನ್ನು ಬೆಳೆಯುವವರು ಮಣ್ಣಿಗೆ ಜಿಪ್ಸಂ ಹಾಕುತ್ತಾರೆಂದು ಎಂಟನೆಯ ತರಗತಿಯವರು ಎಲ್ಲಿಯೋ ಓದಿದ್ದರು. “ಸರ್, ನಮ್ಮ ತೋಟಕ್ಕೂ ಒಂದು ಚೀಲ ತಂದು ಹಾಕೋಣವೆ?” ಎಂದು ಕೇಳಿದರು, ಚಂದಾ ಎತ್ತಲೂ ಸಿದ್ಧರಾಗಿದ್ದರು. ಕೇಳಿದ್ದು ಸರಿಯಾದ ಪ್ರಶ್ನೆಯೇ. ಆದರೆ ಹೌದೆಂದಾಗಲಿ ಅಲ್ಲವೆಂದಾಗಲಿ ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರುವಂತಿರಲಿಲ್ಲ. ಮೇಲಾಗಿ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ತಂದೆತಾಯಂದಿರು ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಗಳಿಂದ ಕೂಲಿ ಅರಸಿ ಈ ನಗರಕ್ಕೆ ಬಂದವರು. ಶಾಲೆಯ ತೋಟದಲ್ಲಿ ಇದು ಒಂದು ಚೀಲದ ಪ್ರಶ್ನೆಯಾದರೆ, ಊರಿನಲ್ಲಿ ಉಳಿದಿರುವ ಅಜ್ಜನ ಹೊಲದಲ್ಲಿ ಇದೇ ಪ್ರಶ್ನೆ ಒಂದು ಲಾರಿಯ ಪ್ರಶ್ನೆ.

ಮೊದಲು ಕುಂಬಳಕಾಯಿಯ ವಿಚಾರ. ನಮ್ಮ ನಾಡಿನಲ್ಲಿ ಹಿಂದಿನಿಂದ ಇದ್ದದ್ದು ಬೂದುಗುಂಬಳ. ಅಡುಗೆಮನೆಯ ಸಿಹಿಗುಂಬಳವೂ ಚಿತ್ರದಲ್ಲಿನ ಹೆಗ್ಗುಂಬಳವೂ ಒಂದೇ ಬಳಗಕ್ಕೆ ಸೇರಿದವು; ಎರಡೂ ಅಮೆರಿಕ ಖಂಡಗಳಿಂದ ಬಂದವು. ಹೆಗ್ಗುಂಬಳದ ಮೂಲ ದಕ್ಷಿಣ ಅಮೆರಿಕ. ೧೯೦೦ರಲ್ಲಿ ಪ್ಯಾರಿಸಿನಲ್ಲಿ ನಡೆದ ಜಾಗತಿಕ ವಸ್ತುಪ್ರದರ್ಶನದಲ್ಲಿ ಕೆನಡಾ ದೇಶದ ವಿಲಿಯಂ ವಾರ್ನಾಕ್ ಎಂಬಾತನು ೪೦೦ ಪೌಂಡಿನ, ಎಂದರೆ ಸುಮಾರು ೧೮೧ ಕಿಲೋಗ್ರಾಂ ತೂಕದ ಕಾಯಿಯನ್ನು ಇಟ್ಟು ಜನರನ್ನು ಬೆರಗುಗೊಳಿಸಿದನು. ೨೦೨೩ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಟ್ರಾವಿಸ್ ಗೀಂಗರ್ ಎಂಬವರ ಕಾಯಿ ೧,೨೪೬ ಕಿಲೋ ಮೀರಿತು. ಅವರು ವೃತ್ತಿಯಿಂದ ತೋಟಗಾರಿಕೆಯ ಅಧ್ಯಾಪಕರೆಂಬುದು ನಮಗೆ ವಿಶೇಷ ಸಂತೋಷದ ವಿಷಯ. ೨೦೨೫ರಲ್ಲಿ ಇಂಗ್ಲೆಂಡಿನ ಪೇಟನ್ ಎಂಬ ಅವಳಿ ಸೋದರರು ಅದನ್ನೂ ಮೀರಿ ೧,೨೭೮ ಕಿಲೋ ಮುಟ್ಟಿದರು. ಹನ್ನೆರಡು ಕ್ವಿಂಟಲಿಗೂ ಮಿಗಿಲಾದ ಒಂದೇ ಕಾಯಿ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆ ನಮ್ಮಲ್ಲಿದೆ. ಈ ಕಾಯಿಯ ಕಳ್ಳನಿಗೆ ಆ ಭಯವಿಲ್ಲ. ಹೆಗಲ ಮೇಲೆ ಹೊರುವ ಮಾತೇ ಇಲ್ಲವಲ್ಲ.

ನೂರ ಎಂಬತ್ತು ಕಿಲೋವಿನಿಂದ ಸಾವಿರದಾಚೆಗೆ ಹೋದದ್ದು ಮುಖ್ಯವಾಗಿ ಬೀಜದ ಗುಣದಿಂದ. ಕೆನಡಾದ ನೋವಾ ಸ್ಕೋಷಿಯ ಪ್ರಾಂತದಲ್ಲಿ ವಿಂಡ್ಸರ್ ಎಂಬ ಸಣ್ಣ ಊರಿದೆ. ಅಲ್ಲಿಯ ರೈತ ಹೋವರ್ಡ್ ಡಿಲ್ (೧೯೩೪–೨೦೦೮) ಹಳೆಯ ದೊಡ್ಡ ತಳಿಗಳನ್ನು ಆರಿಸಿ, ಒಂದಕ್ಕೊಂದು ಕೂಡಿಸಿ, ವರ್ಷ ವರ್ಷವೂ ಬೀಜ ಕಟ್ಟುತ್ತ ಹೋಗಿ ‘ಅಟ್ಲಾಂಟಿಕ್ ಜಯಂಟ್’ ಎಂಬ ತಳಿಯನ್ನು ಸಿದ್ಧಪಡಿಸಿದರು. ೧೯೭೯ರಿಂದ ನಾಲ್ಕು ವರ್ಷ ಎಡೆಬಿಡದೆ ಜಗತ್ತಿನ ಅತಿ ದೊಡ್ಡ ಕಾಯಿ ಅವರದೇ ಆಗಿತ್ತು. ಇಂದಿನ ಎಲ್ಲ ಹೆಗ್ಗುಂಬಳಗಳೂ ಅವರ ಬೀಜದ ಸಂತಾನವೇ. ಆ ಊರಿನವರು ೧೯೯೯ರಲ್ಲಿ ಕಾಯಿಗಳ ತಿರುಳು ತೆಗೆದು, ದೋಣಿಯಂತೆ ಒಳಗೆ ಕುಳಿತು, ಕೆರೆಯಲ್ಲಿ ಹುಟ್ಟು ಹಾಕುವ ಪಂದ್ಯವನ್ನೂ ಆರಂಭಿಸಿದರು.

ಈ ವಿಂಡ್ಸರ್ ಊರಿಗೆ ಇನ್ನೊಂದು ಪ್ರಸಿದ್ಧಿಯುಂಟು. ಅದರ ಸುತ್ತಲಿನ ನೆಲದಲ್ಲಿ ಜಿಪ್ಸಂ ಹೇರಳವಾಗಿದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಲ್ಲಿಂದ ಹಡಗುಗಳು ಜಿಪ್ಸಂ ತುಂಬಿಕೊಂಡು ಅಮೆರಿಕದ ಹೊಲಗಳಿಗೆ ಹೋಗುತ್ತಿದ್ದವು. ಸುಂಕ ತಪ್ಪಿಸಿ ಸಾಗಿಸುವವರೂ ಇದ್ದರು. ೧೮೨೦ರ ಸುಮಾರಿಗೆ ಸರಕಾರ ಅದನ್ನು ತಡೆಯಲು ಹೋದಾಗ ನಡೆದ ಗಲಭೆಗೆ ‘ಪ್ಲಾಸ್ಟರ್ ಯುದ್ಧ’ವೆಂದೇ ಹೆಸರಾಯಿತು. ಗೊಬ್ಬರದ ಕಲ್ಲಿಗಾಗಿ ಜಗಳವಾಡುವಷ್ಟು ಅಂದಿನ ರೈತರು ಅದನ್ನು ನಂಬಿದ್ದರು. ಬೆಂಜಮಿನ್ ಫ್ರಾಂಕ್ಲಿನ್ ರಸ್ತೆಬದಿಯ ಹೊಲದಲ್ಲಿ ಜಿಪ್ಸಂ ಪುಡಿಯಿಂದ ಅಕ್ಷರಗಳನ್ನು ಬರೆದನೆಂದೂ, ಆ ಅಕ್ಷರಗಳ ಮೇಲೆ ಮಾತ್ರ ಹುಲ್ಲು ಎತ್ತರವಾಗಿ ಬೆಳೆದು ದಾರಿಹೋಕರು ಓದುವಂತಾಯಿತೆಂದೂ ಒಂದು ಕಥೆ ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ಅದನ್ನು ಕೇಳಿದವರು ‘ಜಿಪ್ಸಂ ಹಾಕಿದರೆ ಬೆಳೆ ಬರುತ್ತದೆ’ ಎಂದು ಮಾತ್ರ ನೆನಪಿಟ್ಟುಕೊಂಡರು. ಯಾವ ಮಣ್ಣಿನಲ್ಲಿ, ಏತಕ್ಕಾಗಿ ಎಂಬುದನ್ನು ಮರೆತರು. ನಮಗೆ ಬೇಕಾದದ್ದು ಆ ಮರೆತ ಭಾಗವೇ.

ಶುದ್ಧವಾದ ಜಿಪ್ಸಮ್ಮಿನಲ್ಲಿ ನೂರಕ್ಕೆ ಸುಮಾರು ೨೩ ಪಾಲು ಕ್ಯಾಲ್ಸಿಯಂ, ೧೮ ಪಾಲಿಗಿಂತ ತುಸು ಹೆಚ್ಚು ಗಂಧಕ ಇವೆ. ಇವೆರಡೂ ಗಿಡಕ್ಕೆ ಬೇಕಾದ ಆಹಾರಗಳು. ಕ್ಯಾಲ್ಸಿಯಮ್ಮನ್ನು ಸುಣ್ಣದಿಂದಲೂ ಕೊಡಬಹುದಲ್ಲ ಎಂದು ನೀವು ಕೇಳಬಹುದು. ಸುಣ್ಣವು ಮಣ್ಣಿನ ಹುಳಿಯನ್ನು ಕಳೆದು ಅದನ್ನು ಕ್ಷಾರದ ಕಡೆಗೆ ತಿರುಗಿಸುತ್ತದೆ. ಹುಳಿಮಣ್ಣಿಗೆ ಅದು ಒಳ್ಳೆಯದು. ರಸಸಾರ ಈಗಾಗಲೇ ಏಳರ ಹತ್ತಿರವಿರುವ ಮಣ್ಣಿಗೆ ಅದರಿಂದ ಕೇಡು. ಜಿಪ್ಸಂ ರಸಸಾರವನ್ನು ಏರಿಸುವುದಿಲ್ಲ. ಆದಕಾರಣ ಹೆಗ್ಗುಂಬಳ ಬೆಳೆಯುವವರು, ತಮ್ಮ ಮಣ್ಣಿನ ರಸಸಾರ ಆರೂವರೆ ಏಳರ ನಡುವೆ ಸರಿಯಾಗಿದ್ದು ಕ್ಯಾಲ್ಸಿಯಂ ಮಾತ್ರ ಸಾಲದೆ ಹೋದಾಗ, ಜಿಪ್ಸಮ್ಮನ್ನು ಆರಿಸಿಕೊಳ್ಳುತ್ತಾರೆ.

ಹೆಗ್ಗುಂಬಳಕ್ಕೆ ಕ್ಯಾಲ್ಸಿಯಂ ಏಕೆ ಅಷ್ಟು ಮುಖ್ಯ? ಬೆಳವಣಿಗೆಯ ಭರದಲ್ಲಿ ಆ ಕಾಯಿ ಒಂದೇ ದಿನದಲ್ಲಿ ೧೫ರಿಂದ ೨೦ ಕಿಲೋವಿನವರೆಗೆ ತೂಕ ಏರುವುದುಂಟು. ಸಣ್ಣ ಹುಡುಗನೊಬ್ಬನ ತೂಕದಷ್ಟು! ಅಷ್ಟು ಹೊಸ ಜೀವಕೋಶಗಳ ಗೋಡೆಗಳು ಒಂದಕ್ಕೊಂದು ಅಂಟಿ ನಿಲ್ಲಬೇಕು. ಇಟ್ಟಿಗೆಗಳ ನಡುವೆ ಗಾರೆಯಿದ್ದ ಹಾಗೆ, ಕೋಶಗಳ ನಡುವೆ ಪೆಕ್ಟಿನ್ ಎಂಬ ಅಂಟು ಇದೆ. ಅದನ್ನು ಗಟ್ಟಿಗೊಳಿಸುವುದು ಕ್ಯಾಲ್ಸಿಯಂ. ಅದು ಸಾಲದಾದರೆ ಅಂಗಾಂಶ ಸಡಿಲವಾಗುತ್ತದೆ, ಹೂವಿದ್ದ ತುದಿ ಕೊಳೆಯತೊಡಗುತ್ತದೆ.

ಇಲ್ಲಿ ಒಂದು ತೊಡಕಿದೆ. ಕ್ಯಾಲ್ಸಿಯಂ ಗಿಡದೊಳಗೆ ಬೇರಿನಿಂದ ಮೇಲೇರುವ ನೀರಿನ ಜೊತೆಗೆ ಮಾತ್ರ ಪ್ರಯಾಣ ಮಾಡುತ್ತದೆ. ಬಿಸಿಲಿಗೆ ಎಲೆಗಳು ನೀರನ್ನು ಆವಿಯಾಗಿ ಬಿಡುವುದರಿಂದ ಹೆಚ್ಚಿನ ನೀರು ಎಲೆಗಳಿಗೆ ಹರಿಯುತ್ತದೆ. ಕ್ಯಾಲ್ಸಿಯಮ್ಮೂ ಅಲ್ಲಿಗೇ ಹೋಗುತ್ತದೆ. ಒಮ್ಮೆ ಎಲೆಯನ್ನು ಸೇರಿದರೆ ಅಲ್ಲಿಂದ ಹಿಂದಿರುಗಿ ಕಾಯಿಗೆ ಬರುವುದಿಲ್ಲ. ಆದ್ದರಿಂದ ಮಣ್ಣಿನಲ್ಲಿ ಕ್ಯಾಲ್ಸಿಯಂ ತುಂಬಿತುಳುಕುತ್ತಿದ್ದರೂ, ಒಂದು ದಿನ ಕೆರೆಯಂತೆ ನೀರು ನಿಲ್ಲಿಸಿ ಮೂರು ದಿನ ಒಣಗಿಸುವ ತೋಟದಲ್ಲಿ ಕಾಯಿಗೆ ಅದು ಸಿಕ್ಕದೆ ಹೋಗಬಹುದು. ಹೀಗೆ ತುದಿ ಕೊಳೆತಾಗ ಅನೇಕರು ಇನ್ನಷ್ಟು ಜಿಪ್ಸಂ ಹಾಕುತ್ತಾರೆ. ಬೇಕಾಗಿದ್ದುದು ಕ್ರಮವಾದ ನೀರು.

ನಮ್ಮ ನಾಡಿನ ಶೇಂಗಾ ಬೆಳೆಗಾರರಿಗೆ ಈ ಸಂಗತಿ ಬೇರೆ ರೂಪದಲ್ಲಿ ಗೊತ್ತು. ಶೇಂಗಾದ ಹೂವು ಬಾಡಿದ ಮೇಲೆ ಅದರಿಂದ ಒಂದು ಮೊನೆ ಹೊರಟು ನೆಲದೊಳಕ್ಕೆ ಇಳಿದು ಅಲ್ಲಿ ಕಾಯಾಗುತ್ತದೆ. ನೆಲದೊಳಗಿನ ಕಾಯಿ ನೀರನ್ನು ಆವಿಯಾಗಿ ಬಿಡುವುದಿಲ್ಲವಾದ್ದರಿಂದ ಗಿಡದ ಮೂಲಕ ಅದಕ್ಕೆ ಕ್ಯಾಲ್ಸಿಯಂ ಬರುವುದು ಅತ್ಯಲ್ಪ. ತನ್ನ ಸುತ್ತಲಿನ ಮಣ್ಣಿನಿಂದ ಅದು ತಾನೇ ಹೀರಿಕೊಳ್ಳಬೇಕು. ಸಿಕ್ಕದಿದ್ದರೆ ಕಾಯಿ ಜೊಳ್ಳು. ಅದಕ್ಕಾಗಿಯೇ ಕರ್ನಾಟಕದಲ್ಲಿ ಹೆಕ್ಟೇರಿಗೆ ೫೦೦ ಕಿಲೋ ಜಿಪ್ಸಂ ಹಾಕಬೇಕೆಂಬ ಶಿಫಾರಸು ಇದೆ. ಹೂ ಬಿಡುವ ಕಾಲದಲ್ಲಿ ಗಿಡದ ಬುಡಕ್ಕೆ ಹಾಕಿ ಮಣ್ಣು ಏರಿಸುವ ಪದ್ಧತಿ ಇದರಿಂದ ಬಂದದ್ದು.

ಇಲ್ಲಿಯವರೆಗೆ ಜಿಪ್ಸಮ್ಮಿನ ಒಂದು ಕೆಲಸವನ್ನು ಹೇಳಿದೆವು: ಗಿಡಕ್ಕೆ ಆಹಾರ ಒದಗಿಸುವುದು. ಎರಡನೆಯದು ಮಣ್ಣಿನ ಮೈಕಟ್ಟಿಗೆ ಸಂಬಂಧಪಟ್ಟದ್ದು, ಮತ್ತು ಅತಿ ಹೆಚ್ಚು ತಪ್ಪು ತಿಳಿವಳಿಕೆಯಿರುವುದು ಇದರಲ್ಲಿಯೇ. ‘ಜಿಗುಟು ಮಣ್ಣಿಗೆ ಜಿಪ್ಸಂ ಹಾಕಿದರೆ ಹುಡಿಯಾಗುತ್ತದೆ’ ಎಂಬ ಮಾತನ್ನು ಬಹಳ ಕಡೆ ಕೇಳುತ್ತೇವೆ. ಈ ಮಾತು ಅರ್ಧ ಸತ್ಯ.

ಜೇಡಿಯ ಕಣವು ಬರಿಯ ಕಣ್ಣಿಗೆ ಕಾಣದಷ್ಟು ಸಣ್ಣದು, ತಟ್ಟೆಯಂತೆ ಚಪ್ಪಟೆಯಾದದ್ದು. ಅದರ ಮೈಮೇಲೆ ಋಣ ವಿದ್ಯುತ್ತಿನ ಅಂಶವಿರುವುದರಿಂದ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ನಡುವೆ ಧನ ವಿದ್ಯುತ್ತುಳ್ಳ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ ಮೊದಲಾದವು ಅಂಟಿಕೊಂಡಿರುತ್ತವೆ. ಕ್ಯಾಲ್ಸಿಯಮ್ಮಿಗೆ ಎರಡು ಧನಾಂಶ, ಸೋಡಿಯಮ್ಮಿಗೆ ಒಂದೇ. ಸ್ಥೂಲವಾಗಿ ಹೇಳುವುದಾದರೆ, ಕ್ಯಾಲ್ಸಿಯಂ ಎರಡು ಕೈಗಳಿಂದ ಎರಡು ಕಣಗಳನ್ನು ಹಿಡಿದು ಹತ್ತಿರ ತರುತ್ತದೆ. ಒಂಟಿಗೈಯ ಸೋಡಿಯಂ ತನ್ನ ಸುತ್ತ ನೀರಿನ ದಪ್ಪ ಹೊದಿಕೆಯನ್ನು ಹೊದ್ದುಕೊಂಡು ಕಣಗಳನ್ನು ದೂರವೇ ನಿಲ್ಲಿಸುತ್ತದೆ. ಸೋಡಿಯಂ ಹೆಚ್ಚಿದ ಮಣ್ಣಿಗೆ ನೀರು ಬಿದ್ದರೆ ಕಣಗಳು ಬೇರೆಬೇರೆಯಾಗಿ ಹಾಲಿನಂತೆ ಕದಡಿ, ಮಣ್ಣಿನ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಒಣಗಿದಾಗ ಅದು ಕಲ್ಲು, ನೆನೆದಾಗ ಕೆಸರು. ಬೇರಿಗೆ ಗಾಳಿಯೂ ಇಲ್ಲ, ಹಾದಿಯೂ ಇಲ್ಲ. ಇಂಥ ಮಣ್ಣಿಗೆ ಜಿಪ್ಸಂ ಬಿದ್ದಾಗ ಅದರ ಕ್ಯಾಲ್ಸಿಯಂ ಸೋಡಿಯಮ್ಮನ್ನು ಹೊರದೂಡಿ ಅದರ ಜಾಗದಲ್ಲಿ ತಾನು ಕುಳಿತುಕೊಳ್ಳುತ್ತದೆ. ಹೊರಬಿದ್ದ ಸೋಡಿಯಂ ಗಂಧಕದ ಅಂಶದೊಡನೆ ಕೂಡಿ ಸೋಡಿಯಂ ಸಲ್ಫೇಟ್ ಎಂಬ ಕರಗುವ ಉಪ್ಪಾಗಿ ನೀರಿನೊಡನೆ ಕೆಳಗಿಳಿದು ಹೋಗುತ್ತದೆ.

ಅದು ಹೋಗಲು ಹಾದಿ ಇರಬೇಕೆಂಬುದನ್ನು ಗಮನಿಸಿ. ಹಾದಿಯಿಲ್ಲದಿದ್ದರೆ ಉಪ್ಪು ಅಲ್ಲಿಯೇ ನಿಂತು, ನೀರು ಆರಿದಾಗ ಮತ್ತೆ ಮೇಲೆ ಬರುತ್ತದೆ. ತಳದಲ್ಲಿ ತೂತಿಲ್ಲದ ಕುಂಡಕ್ಕೆ ಜಿಪ್ಸಂ ಹಾಕುವುದು ಈ ಕಾರಣದಿಂದ ವ್ಯರ್ಥ.

ಇದು ಪುಸ್ತಕದ ಮಾತಷ್ಟೇ ಅಲ್ಲ. ೧೯೫೩ರ ಫೆಬ್ರವರಿ ಒಂದರಂದು ಉತ್ತರ ಸಮುದ್ರ ಉಕ್ಕಿ, ಹಾಲೆಂಡಿನ ಒಡ್ಡುಗಳು ಒಡೆದು, ಆ ದೇಶವೊಂದರಲ್ಲಿಯೇ ೧,೮೩೬ ಜನ ಸತ್ತರು. ಕಡಲನೀರು ಇಳಿದ ಮೇಲೆ ಹೊಲಗಳಲ್ಲಿ ಉಳಿದದ್ದು ಸೋಡಿಯಂ. ಅಲ್ಲಿಯವರು ಹೊಲಗಳಿಗೆ ಜಿಪ್ಸಂ ಹರಡಿ, ಮಳೆಯ ನೀರಿನಿಂದ ಉಪ್ಪನ್ನು ತೊಳೆದು, ನೆಲವನ್ನು ಮತ್ತೆ ಬೇಸಾಯಕ್ಕೆ ತಂದರು. ನಮ್ಮ ದೇಶದಲ್ಲಿಯೂ ಪಂಜಾಬ, ಹರಿಯಾಣ, ಉತ್ತರ ಪ್ರದೇಶಗಳ ಬಂಜರು ಬಿದ್ದ ಕ್ಷಾರಭೂಮಿಗಳು ಇದೇ ಬಗೆಯಲ್ಲಿ ಗದ್ದೆಗಳಾದವು. ೧೯೬೯ರಲ್ಲಿ ಸ್ಥಾಪನೆಯಾದ ಕರ್ನಾಲಿನ ಕೇಂದ್ರೀಯ ಸಂಶೋಧನ ಸಂಸ್ಥೆ ಇದಕ್ಕೆ ದಾರಿ ತೋರಿಸಿತು. ಅಲ್ಲಿ ಹಾಕಿದ್ದು ಹೆಕ್ಟೇರಿಗೆ ಐನೂರು ಕಿಲೋ ಅಲ್ಲ. ಹತ್ತರಿಂದ ಹದಿನೈದು ಟನ್. ಹಾಕಿದ ಮೇಲೆ ನೀರು ನಿಲ್ಲಿಸಿ ಮೊದಲ ಬೆಳೆಯಾಗಿ ಭತ್ತವನ್ನು ನೆಟ್ಟರು. ನಿಂತ ನೀರು ಉಪ್ಪನ್ನು ಕೆಳಕ್ಕೆ ತಳ್ಳಿತು.

ಹಾಗಾದರೆ ನಮ್ಮ ಮಣ್ಣಿನಲ್ಲಿ ಸೋಡಿಯಂ ಹೆಚ್ಚಾಗಿದೆಯೇ ಎಂದು ತಿಳಿಯುವುದು ಹೇಗೆ? ಪ್ರಯೋಗಾಲಯದ ಪರೀಕ್ಷೆಯೇ ಪ್ರಮಾಣ. ಆದರೆ ಒಂದು ಗಾಜಿನ ಲೋಟದಿಂದಲೂ ಬಹಳಷ್ಟು ತಿಳಿಯಬಹುದು. ಚೆನ್ನಾಗಿ ಒಣಗಿದ, ಕಡಲೆಕಾಳಿನ ಗಾತ್ರದ ಮಣ್ಣಿನ ಹೆಂಟೆಯೊಂದನ್ನು ಮಳೆನೀರು ಅಥವಾ ಬಟ್ಟಿಯಿಳಿಸಿದ ನೀರು ತುಂಬಿದ ಲೋಟಕ್ಕೆ ಮೆಲ್ಲನೆ ಬಿಡಿ. ಕಲಕಬೇಡಿ, ಅಲುಗಿಸಬೇಡಿ. ನಲ್ಲಿಯ ನೀರು ಬೇಡ. ಅದರಲ್ಲಿರುವ ಲವಣಗಳು ಫಲಿತಾಂಶವನ್ನು ಕೆಡಿಸುತ್ತವೆ. ಕೆಲವು ಗಂಟೆಗಳ ಮೇಲೆ ನೋಡಿ. ಹೆಂಟೆ ಕುಸಿದು ಪುಡಿಯಾಗಿದ್ದರೂ ನೀರು ತಿಳಿಯಾಗಿದ್ದರೆ ಸೋಡಿಯಮ್ಮಿನ ಕಾಟವಿಲ್ಲ. ಆ ಮಣ್ಣಿಗೆ ಬೇಕಾದದ್ದು ಗೊಬ್ಬರ, ಎಲೆಕೊಳೆ. ಹೆಂಟೆಯ ಸುತ್ತ ಹಾಲಿನ ಮೋಡದಂತೆ ಕದಡು ಹರಡಿ ನಿಂತರೆ ಸೋಡಿಯಮ್ಮನ್ನು ಸಂಶಯಿಸಬೇಕು. ಆಗ ಇನ್ನೊಂದು ಲೋಟದ ನೀರಿನಲ್ಲಿ ಮೊದಲೇ ಒಂದು ಚಿಟಿಕೆ ಜಿಪ್ಸಂ ಕರಗಿಸಿ ಅದೇ ಮಣ್ಣನ್ನು ಬಿಟ್ಟರೆ ಕದಡು ಏಳುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಎರಡು ಗ್ರಾಮಿಗಿಂತ ಸ್ವಲ್ಪ ಹೆಚ್ಚು ಮಾತ್ರ ಕರಗುವುದರಿಂದ ಚಿಟಿಕೆಯೇ ಸಾಕು.

ದೀಪಾವಳಿಯ ರಜೆಗೆ ಊರಿಗೆ ಹೋಗಿದ್ದ ಒಬ್ಬ ವಿದ್ಯಾರ್ಥಿನಿ ಸಿಂಧನೂರು ತಾಲ್ಲೂಕಿನ ತನ್ನ ಅಜ್ಜನ ಹೊಲದಿಂದ ಎರಡು ಪೊಟ್ಟಣ ಮಣ್ಣು ತಂದಳು. ತುಂಗಭದ್ರೆಯ ಕಾಲುವೆ ಬಂದ ಮೇಲೆ ಆ ಸೀಮೆಯಲ್ಲಿ ಭತ್ತದ ಸಮೃದ್ಧಿಯಾಯಿತು. ಜೊತೆಗೆ ನೀರು ಬಸಿದು ಹೋಗದ ತಗ್ಗಿನ ಎರೆಹೊಲಗಳಲ್ಲಿ ಸವಳೂ ಏರಿತು. ಒಂದು ಪೊಟ್ಟಣದ ಮಣ್ಣಿನ ಮೇಲೆ ಬಿಳಿಯ ಉಪ್ಪಿನ ಪುಡಿ ಕಾಣುತ್ತಿತ್ತು; ಲೋಟದಲ್ಲಿ ನೀರು ತಿಳಿಯಾಗಿಯೇ ಉಳಿಯಿತು. ಇನ್ನೊಂದು ಪೊಟ್ಟಣ ಹೊಲದ ಬೇರೊಂದು ಮೂಲೆಯದು. ಕಪ್ಪಾಗಿ, ಕಲ್ಲಿನಂತೆ ಗಟ್ಟಿಯಾಗಿತ್ತು. ಬೆಳಗಾಗುವಷ್ಟರಲ್ಲಿ ಆ ಲೋಟ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಊರಿನಲ್ಲಿ ಎರಡಕ್ಕೂ ಸವಳು ಎಂದು ಒಂದೇ ಹೆಸರು. ಆದರೆ ಮೊದಲನೆಯದು ಬರಿಯ ಉಪ್ಪಿನ ಮಣ್ಣು. ಅದಕ್ಕೆ ಜಿಪ್ಸಂ ಹಾಕಿದರೆ ಉಪ್ಪಿಗೆ ಉಪ್ಪು ಸೇರಿಸಿದಂತೆ. ಬಸಿಗಾಲುವೆ ತೋಡಿ ಒಳ್ಳೆಯ ನೀರಿನಿಂದ ತೊಳೆಯುವುದೇ ಉಪಾಯ. ಎರಡನೆಯದಕ್ಕೆ ಜಿಪ್ಸಂ ಬೇಕಾದೀತು, ಬಸಿಗಾಲುವೆಯೂ ಬೇಕು. ಅಜ್ಜನು ಹಿಂದೊಮ್ಮೆ ಸಾಲ ಮಾಡಿ ಇಡೀ ಹೊಲಕ್ಕೆ ಒಂದೇ ಸಮನಾಗಿ ಜಿಪ್ಸಂ ಹರಡಿಸಿದ್ದನಂತೆ. ಬಸಿಗಾಲುವೆ ತೋಡಿರಲಿಲ್ಲ, ಫಲವೂ ಕಾಣಲಿಲ್ಲ. ಆಮೇಲೆಯೇ ಅವಳ ತಂದೆ ಮುಂಬಯಿಗೆ ಬಂದದ್ದು. ಇನ್ನೊಮ್ಮೆ ಖರ್ಚು ಮಾಡುವ ಮೊದಲು ಎರಡು ಮೂಲೆಗಳ ಮಣ್ಣನ್ನೂ ಬೇರೆಬೇರೆಯಾಗಿ ರೈತ ಸಂಪರ್ಕ ಕೇಂದ್ರದ ಮೂಲಕ ಪರೀಕ್ಷೆಗೆ ಕಳುಹಿಸಬೇಕೆಂದು ಅವಳು ಅಜ್ಜನಿಗೆ ಕಾಗದ ಬರೆದಿದ್ದಾಳೆ. ಗಂಗಾವತಿಯಲ್ಲಿ ಇಂಥ ಭೂಮಿಯ ವಿಚಾರವಾಗಿಯೇ ಕೆಲಸ ಮಾಡುವ ಕೃಷಿ ಸಂಶೋಧನ ಕೇಂದ್ರವಿದೆ; ಅಲ್ಲಿಯೂ ಕೇಳಬಹುದು.

ಇನ್ನು ನಮ್ಮ ಶಾಲೆಯ ತೋಟ. ಅದು ಗೋಡೆಯ ಅಂಚಿನ ಮೂರು ಮಡಿಗಳು, ಒಟ್ಟು ಹನ್ನೆರಡು ಚದರ ಮೀಟರ್. ಹೆಕ್ಟೇರಿಗೆ ೫೦೦ ಕಿಲೋ ಎಂದರೆ ಚದರ ಮೀಟರಿಗೆ ೫೦ ಗ್ರಾಂ. ನಮ್ಮ ತೋಟಕ್ಕೆ ೬೦೦ ಗ್ರಾಂ. ಐವತ್ತು ಕಿಲೋವಿನ ಚೀಲ ತಂದಿದ್ದರೆ ಅದು ಸಾವಿರ ಚದರ ಮೀಟರಿನ ಹೊಲಕ್ಕೆ ಆಗುತ್ತಿತ್ತು! ಅಷ್ಟನ್ನೂ ಈ ಮಡಿಗಳಿಗೆ ಸುರಿದರೆ ಮಣ್ಣಿನಲ್ಲಿರುವ ಮೆಗ್ನೀಷಿಯಂ, ಪೊಟ್ಯಾಸಿಯಂಗಳನ್ನೂ ಕ್ಯಾಲ್ಸಿಯಂ ಹೊರದೂಡಿ, ಹಳೆಯ ಎಲೆಗಳು ನರಗಳ ನಡುವೆ ಹಳದಿಯಾಗತೊಡಗುತ್ತವೆ. ಆ ಆರುನೂರು ಗ್ರಾಮಾದರೂ ಬೇಕೆ? ಲೋಟದ ಪರೀಕ್ಷೆಯಲ್ಲಿ ನಮ್ಮ ಮಣ್ಣು ಕುಸಿಯಿತು, ಕದಡಲಿಲ್ಲ. ಪ್ರಯೋಗಶಾಲೆಯಲ್ಲಿ ಅದರ ಮೇಲೆ ದುರ್ಬಲವಾದ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿ ಬಿಟ್ಟಾಗ ಬುರುಬುರು ನೊರೆ ಬಂತು. ನೊರೆ ಬಂದರೆ ಸುಣ್ಣವಿದೆಯೆಂದು ಅರ್ಥ. ಹಳೆಯ ಕಟ್ಟಡ ಕೆಡವಿದಾಗ ಬಿದ್ದ ಗಾರೆ, ಸಿಮೆಂಟಿನ ಚೂರುಗಳು ಅದರಲ್ಲಿ ಸೇರಿವೆ. ಮುಂಬಯಿಯ ಎಷ್ಟೋ ತೋಟಗಳ ಮಣ್ಣು ಹೀಗೆಯೇ. ಇದರಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, ಇಲ್ಲದಿರುವುದು ಸಸ್ಯಾಂಶ. ಆದ್ದರಿಂದ ಎತ್ತಿದ ಚಂದಾ ಹಣ ಎರೆಗೊಬ್ಬರಕ್ಕೆ ಹೋಗಲಿ ಎಂಬುದು ನಮ್ಮ ತೀರ್ಮಾನ. ಎಂಟನೆಯ ತರಗತಿಯಲ್ಲಿ ಇದರಿಂದ ಕೆಲವರಿಗೆ ನಿರಾಶೆಯಾಯಿತು.

ಅಟ್ಲಾಂಟಿಕ್ ಜಯಂಟ್ ತಂಪು ನಾಡುಗಳ ಬಳ್ಳಿ. ಮುಂಬಯಿಯ ಸೆಕೆಯಲ್ಲಿ ಅದರಿಂದ ಹನ್ನೆರಡು ಕ್ವಿಂಟಲನ್ನು ನಿರೀಕ್ಷಿಸುವಂತಿಲ್ಲ. ಆದರೆ ಅದನ್ನು ಬೆಳೆಯುವವರ ಕ್ರಮವನ್ನು ನಮ್ಮ ಸಿಹಿಗುಂಬಳಕ್ಕೆ ಅನುಸರಿಸಲು ಅಡ್ಡಿಯಿಲ್ಲ. ಮೊಳಕಾಲುದ್ದದ ಗುಂಡಿ ತೋಡಿ, ಗಾರೆಯ ಚೂರುಗಳನ್ನು ಆರಿಸಿ ತೆಗೆದು, ಕೊಳೆತ ಎಲೆಯನ್ನೂ ಎರೆಗೊಬ್ಬರವನ್ನೂ ಮಣ್ಣಿನೊಡನೆ ಬೆರೆಸಿ ತುಂಬಬೇಕು. ಜೂನಿನಲ್ಲಿ ಶಾಲೆ ತೆರೆದೊಡನೆ ಬೀಜ ಊರಬೇಕು. ಮಳೆಯಲ್ಲಿ ಜೇನುನೊಣಗಳು ಬಾರದ ದಿನಗಳಿರುವುದರಿಂದ, ಬೆಳಗ್ಗೆ ಬೇಗನೆ ಗಂಡುಹೂವನ್ನು ಕಿತ್ತು, ಬುಡದಲ್ಲಿ ಎಳೆಗಾಯಿ ಹೊತ್ತ ಹೆಣ್ಣುಹೂವಿಗೆ ತಾಗಿಸಬೇಕು. ಬಳ್ಳಿಗೆ ಒಂದೇ ಕಾಯಿಯನ್ನು ಉಳಿಸಿ, ಮಳೆ ಬಿಟ್ಟ ದಿನಗಳಲ್ಲಿ ತಪ್ಪದೆ ಹದವಾಗಿ ನೀರು ಕೊಡಬೇಕು. ಕಾಯಿಯ ಸುತ್ತಳತೆಯನ್ನು ಪ್ರತಿ ಶನಿವಾರ ಪಟ್ಟಿಯಿಂದ ಅಳೆದು ತೋಟದ ಪುಸ್ತಕದಲ್ಲಿ ಬರೆದಿಡುವ ಕೆಲಸ ಎಂಟನೆಯ ತರಗತಿಯವರದು.